ಬೇಲಿಯಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡ ಯಾರದು?

ಬೇಲಿಸಾಲು · ಶನಿವಾರ, ರಾತ್ರಿ 9:10

ನಮ್ಮದು ಅರಸೀಕೆರೆ ಕಡೆ. ಒಂದಿಷ್ಟು ತೆಂಗು, ಮಿಕ್ಕಿದ್ದು ರಾಗಿ ಹೊಲ. ಆರನೇ ಕ್ಲಾಸಲ್ಲಿದ್ದಾಗ ಕಂಡದ್ದು ಹೇಳ್ತೀನಿ. ಅಜ್ಜಿ ಹುಲ್ಲು ಕುಯ್ಯೋಕೆ ಹೋಗಿದ್ಲು, ನಾನು ಹಿಂದೆ. ಲಂಟಾನ ಪೊದೆ ಒಳಗೆ ಮೊಣಕಾಲುದ್ದದ ಒಂದು ಗಿಡ ಇತ್ತು. ಅಜ್ಜಿ ಅದನ್ನ ಕಂಡವಳೇ ಆ ಕಡೆ ಈ ಕಡೆ ನೋಡಿದ್ಲು. ಬುಡಸಮೇತ ಕಿತ್ತು ಹುಲ್ಲಿನ ಹೊರೆ ಒಳಗೆ ತುರುಕಿದ್ಲು. ಮನೆಗೆ ಬಂದು ಸೀದಾ ಒಲೆಗೆ. ಏನಜ್ಜಿ ಅದು ಅಂದ್ರೆ, "ಸರ್ಕಾರದ್ದು, ಸುಮ್ಕಿರು" ಅಂದ್ಲು.

ಅದು ಗಂಧದ ಗಿಡ. ಪಿಕಳಾರ ಹಣ್ಣು ತಿಂದು ಬೇಲಿ ಮೇಲೆ ಹಿಕ್ಕೆ ಹಾಕುತ್ತೆ, ಗಿಡ ಹುಟ್ಟುತ್ತೆ. ನೆಲ ನಮ್ಮದು, ಕಂದಾಯ ನಾವು ಕಟ್ಟೋದು, ಪಹಣಿ ಅಜ್ಜನ ಹೆಸರಲ್ಲಿ. ಆದ್ರೆ ಮರ ಆಗ ಸರ್ಕಾರದ್ದು. 1792ರಲ್ಲಿ ಟಿಪ್ಪು ಇದನ್ನ ರಾಜವೃಕ್ಷ ಅಂತ ಸಾರಿದ. ಆಮೇಲೆ ಒಡೆಯರು ಬಂದ್ರು, ಬ್ರಿಟಿಷರು ಹೋದ್ರು, ಸ್ವಾತಂತ್ರ್ಯ ಬಂತು, 1963ರ ಅರಣ್ಯ ಕಾಯ್ದೆ ಬಂತು. ಗಂಧದ ಮರ ಮಾತ್ರ ಅರಮನೆ ಬಿಟ್ಟು ಈಚೆಗೆ ಬರಲಿಲ್ಲ. 2001ರಲ್ಲಿ ಕಾಯ್ದೆ ತಿದ್ದಿ, ಜಮೀನಿನವನೇ ಮರಕ್ಕೂ ಒಡೆಯ ಅಂತ ಮಾಡೋ ಹೊತ್ತಿಗೆ ಇನ್ನೂರು ವರ್ಷ ಕಳೆದಿತ್ತು.

ಅಲ್ಲೀವರೆಗೆ ಮರ ಬೆಳೆದ್ರೆ ಸರ್ಕಾರಕ್ಕೆ. ಕಳುವಾದ್ರೆ ಕೇಳೋದು ನಮ್ಮನ್ನ. ಇಂಥ ಲೆಕ್ಕದಲ್ಲಿ ಯಾವ ರೈತ ಗಿಡ ಉಳಿಸ್ತಾನೆ? ಕಾಪಾಡ್ತೀವಿ ಅಂತ ತಂದ ಕಾನೂನೇ ಜನರ ಕೈಲಿ ಗಿಡ ಕೀಳಿಸ್ತು. ನನ್ನನ್ನ ಲಿಬರ್ಟೇರಿಯನ್ ಅಂತ, ಅಂದ್ರೆ ಜನರ ಬದುಕಲ್ಲಿ ಸರ್ಕಾರ ಆದಷ್ಟು ಕಡಿಮೆ ಇರಲಿ ಅನ್ನೋನು ಅಂತ, ಗೆಳೆಯರು ರೇಗಿಸ್ತಾರೆ. ನಾನು ಪುಸ್ತಕ ಓದಿ ಹಾಗಾದವನಲ್ಲ, ಆ ಒಲೆ ಮುಂದೆ ಕೂತು ಆದವನು. ನಿಮ್ಮ ಮನೆ ಹೊಸ್ತಿಲು ದಾಟಿ ಸರ್ಕಾರ ಒಳಗೆ ಬಂದದ್ದು ಯಾವಾಗ? ಬರೀರಿ.

ಸ್ವಂತಬುದ್ಧಿ · ರಾತ್ರಿ 9:22

ಸೂಪರ್ ಸರ್. ನನ್ನ ಪಟ್ಟಿ: ಹೆಲ್ಮೆಟ್, ಸೀಟ್ ಬೆಲ್ಟ್, ಆಧಾರ್, ರಾತ್ರಿ ಒಂದು ಗಂಟೆಗೆ ಊರೆಲ್ಲ ಬಾಗಿಲು ಹಾಕಿಸೋದು. ನನ್ನ ತಲೆ, ನನ್ನ ಬೈಕು, ನಿಮಗೇನು ಕಷ್ಟ?

ಹಳೇಸೈಕಲ್ · ರಾತ್ರಿ 9:41

ತಮ್ಮಾ, ನೀವೆಲ್ಲ ಪುಣ್ಯವಂತರು. ನಮ್ಮ ಕಾಲದಲ್ಲಿ ಸೈಕಲ್ಲಿಗೂ ಬಿಲ್ಲೆ ಬೇಕಿತ್ತು. ಪುರಸಭೆಗೆ ದುಡ್ಡು ಕಟ್ಟಿದ್ರೆ ಒಂದು ತಗಡಿನ ಬಿಲ್ಲೆ ಕೊಡೋರು, ಅದನ್ನ ಹ್ಯಾಂಡಲ್ ಹತ್ತಿರ ಸಿಗಿಸ್ಕೋಬೇಕು. ಅದಿಲ್ಲ ಅಂದ್ರೆ ಗಾಳಿ ಬಿಡೋರು. ಮನೇಲಿ ರೇಡಿಯೋ ಇದ್ರೆ ಅದಕ್ಕೊಂದು ಲೈಸೆನ್ಸ್ ಪುಸ್ತಕ, ಅಂಚೆ ಕಚೇರಿಗೆ ಹೋಗಿ ವರ್ಷಾ ವರ್ಷಾ ನವೀಕರಿಸಬೇಕು. ಚಿತ್ರಗೀತೆ ಕೇಳೋಕೆ ಸರ್ಕಾರದ ಅಪ್ಪಣೆ! ಇದಕ್ಕೆಲ್ಲ ರಾಜಾಜಿ (ಸಿ. ರಾಜಗೋಪಾಲಾಚಾರಿ) "ಲೈಸೆನ್ಸ್-ಪರ್ಮಿಟ್ ರಾಜ್" ಅಂತ ಹೆಸರಿಟ್ಟು, 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದ್ದು. ಆಗ ಅವರಿಗೆ ಎಂಬತ್ತು ದಾಟಿತ್ತು. ಪಕ್ಷ ಮುಳುಗಿತು, ಆ ಮಾತು ಉಳೀತು.

ಪತ್ತಾರ ಓಣಿ · ರಾತ್ರಿ 10:05

ಗಂಧದ ಕತಿ ಕೇಳಿ ನಮ್ಮ ಮನಿ ಕತಿ ನೆನಪಾತ್ರಿ. ನಮ್ಮಜ್ಜ ಪತ್ತಾರಕಿ, ಅಂದ್ರ ಬಂಗಾರದ ಕೆಲಸ ಮಾಡ್ತಿದ್ದ. ಚೀನಾ ಯುದ್ಧ ಆಗಿತ್ತು, ಸರ್ಕಾರದ ಕೈಯಾಗ ವಿದೇಶಿ ರೊಕ್ಕ ಇರಲಿಲ್ಲ. 1963ರ ಜನವರಿಯೊಳಗ ಮುರಾರ್ಜಿ ದೇಸಾಯಿ ಅವರು ಹಣಕಾಸು ಮಂತ್ರಿ ಇದ್ದಾಗ, ಹದಿನಾಲ್ಕು ಕ್ಯಾರಟ್‌ಗಿಂತ ಚೊಕ್ಕ ಬಂಗಾರದಾಗ ದಾಗೀನ ಮಾಡಬಾರ್ದು ಅಂತ ಹುಕುಂ ಬಂತು. ಹದಿನಾಲ್ಕರ ಬಂಗಾರ ಅಂದ್ರ ಇಪ್ಪತ್ನಾಲ್ಕು ಪಾಲಿನಾಗ ಹತ್ತು ಪಾಲು ಬ್ಯಾರೆ ಲೋಹ. ಕೈಗೆ ಬಗ್ಗೂದಿಲ್ಲ, ಬಣ್ಣ ನೋಡಿದ್ರ ಯಾವ ತಾಯಿನೂ ಮಗಳ ತಾಳಿಗೆ ಒಪ್ಪೂದಿಲ್ಲ. ಓಣಿ ಓಣಿ ಅಗ್ಗಿಷ್ಟಿಗಿ ಆರಿದ್ವು. ಒಬ್ಬಾಂವ ಹಮಾಲಿಗೆ ಹೋದ, ಇನ್ನೊಬ್ಬಾಂವ ಗಡಿಯಾರ ರಿಪೇರಿ ಕಲತ.

ನಮ್ಮಜ್ಜ ಬಿಡಲಿಲ್ಲ. ರಾತ್ರಿ ಕಿಟಕಿಗೆ ಗೋಣಿಚೀಲ ಕಟ್ಟಿ, ದೀಪ ಸಣ್ಣ ಮಾಡಿ, ಊದುಕೊಳವಿ ಊದ್ತಿದ್ದ. ಮೂಸಿ ಇಡೂ ಸಪ್ಪಳ ಹೊರಗ ಕೇಳಬಾರ್ದು ಅಂತ ನಮ್ಮಜ್ಜಿ ಬೀಸೂ ಕಲ್ಲು ತಿರುಗಸ್ತಿದ್ಲಂತ, ಕಾಳು ಹಾಕದ. ಕಸುಬು ಮಾಡಿದ್ದಕ್ಕ ಕಳ್ಳ ಆದ ಮನಿಶಾ ಅಂವ. ಕ್ಯಾರಟ್ ನಿಯಮ ಆಮ್ಯಾಲ ಸಡಲ ಆತು, ಖರೆ 1968ರಾಗ ಬಂಗಾರ ನಿಯಂತ್ರಣಕ್ಕ ಪೂರಾ ಕಾಯ್ದೆನ ಮಾಡಿದ್ರು. ತಗದದ್ದು 1990ಕ್ಕ. ಅಷ್ಟೂ ವರ್ಷ ಬಂಗಾರ ಬರೂದು ನಿಂತಿತ್ತೇನು? ಸಮುದ್ರದ ಮ್ಯಾಲೆ ಕಳ್ಳ ದಾರಿಯಿಂದ ಬಂತು. ದೊಡ್ಡಾವ್ರು ಇನ್ನೂ ದೊಡ್ಡಾವ್ರಾದ್ರು, ಪತ್ತಾರ ಬೀದಿಗೆ ಬಂದ.

ಬೇಲಿಸಾಲು · ರಾತ್ರಿ 10:11

ಕಾಳು ಹಾಕದೆ ಬೀಸೋ ಕಲ್ಲು... ಅಣ್ಣಾ, ಇದನ್ನ ಓದಿ ಸುಮ್ಮನೆ ಕೂತ್ಬಿಟ್ಟೆ.

ಮುಟ್ಟಾಳೆ · ರಾತ್ರಿ 10:48

ಇಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಿದ್ದೀರಿ, ಹಾಗಾಗಿ ಸ್ವಲ್ಪ ಅಡ್ಡ ನಿಲ್ಲುತ್ತೇನೆ.

ನಾನು ಪುತ್ತೂರು ಕಡೆಯವಳು. ನಮ್ಮದು ಚಾಲಗೇಣಿಯ ಒಕ್ಕಲು, ಅಂದರೆ ಧಣಿಗಳು ಬೇಕೆಂದಾಗ ಬಿಡಿಸಬಹುದಾದ ಗೇಣಿ. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಅಂತ ಧಣಿಗಳ ಮನೆಗೆ ಹೊತ್ತು ಹಾಕಬೇಕಿತ್ತು. ಮಳೆ ಕೈಕೊಟ್ಟರೂ ಮುಡಿ ಕಡಿಮೆಯಾಗುವ ಹಾಗಿಲ್ಲ, ಕಡಿಮೆಯಾದರೆ ಒಕ್ಕಲೆಬ್ಬಿಸುತ್ತಾರೆ. ಅಜ್ಜ ಧಣಿಗಳ ಅಂಗಳಕ್ಕೆ ಹೋಗುವಾಗ ಮುಟ್ಟಾಳೆಯನ್ನು (ಅಡಿಕೆ ಹಾಳೆಯ ಟೊಪ್ಪಿ) ತಲೆಯಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರಂತೆ. ನಲವತ್ತು ವರ್ಷ ಉಳುಮೆ ಮಾಡಿದ ಗದ್ದೆಯ ಬದುವಿನಲ್ಲಿ ಒಂದು ತೆಂಗಿನ ಸಸಿ ನೆಡುವುದಕ್ಕೂ ಅವರನ್ನು ಕೇಳಬೇಕು.

ಭೂ ಸುಧಾರಣಾ ಕಾಯ್ದೆಯಿಂದ, 1974ರ ಮಾರ್ಚ್ 1ರಿಂದ ಗೇಣಿ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ದೇವರಾಜ ಅರಸರ ಕಾಲ. ಉಳುವವರು ಫಾರಂ ಏಳರಲ್ಲಿ ಡಿಕ್ಲರೇಶನ್ ಕೊಟ್ಟರು, ಭೂನ್ಯಾಯ ಮಂಡಳಿ ಕೂತಿತು. ಅಜ್ಜ ಹೆಬ್ಬೆಟ್ಟು ಒತ್ತಿ ಬಂದ ದಿನ ರಾತ್ರಿ ಊಟ ಮಾಡಲಿಲ್ಲವಂತೆ. ಹೆದರಿಕೆಗೆ. ಭೂಮಿ ಸಿಕ್ಕಿದ ಮೇಲೆ ಮೊದಲು ಮಾಡಿದ ಕೆಲಸ, ಕೇಳದೆ ಐದು ತೆಂಗಿನ ಸಸಿ ನೆಟ್ಟದ್ದು. ಎರಡು ಈಗಲೂ ಇವೆ.

ಈಗ ನೀವು ಹೇಳಿ. ಇದು ಸರ್ಕಾರದ ಅತಿಕ್ರಮಣವೋ ಅಲ್ಲವೋ? ಧಣಿಗಳ ಲೆಕ್ಕದಲ್ಲಿ ಖಂಡಿತ ಹೌದು. ಅವರ ಆಸ್ತಿ, ಅವರನ್ನು ಕೇಳದೆ ಹೋಯಿತು. ನಮ್ಮ ಅಜ್ಜನಿಗೆ ಮಾತ್ರ ಜೀವನದಲ್ಲಿ ಸ್ವಾತಂತ್ರ್ಯ ಬಂದದ್ದು 47ರಲ್ಲಿ ಅಲ್ಲ ಮಾರಾಯ್ರೆ, 74ರಲ್ಲಿ.

ಸ್ವಂತಬುದ್ಧಿ · ರಾತ್ರಿ 10:56

ಮೇಡಂ, ಅದೇ ಕಾಯ್ದೆಯ 79ಎ, 79ಬಿ ಸೆಕ್ಷನ್ ಮರೀಬೇಡಿ. ಕೃಷಿಕ ಅಲ್ಲದವನು ಜಮೀನು ಕೊಳ್ಳೋ ಹಾಗಿರಲಿಲ್ಲ, ಬೇರೆ ಆದಾಯ ಎರಡು ಲಕ್ಷ ದಾಟಿದ್ರೂ ಆಗ್ತಿರಲಿಲ್ಲ. 2015ರಲ್ಲಿ ಆ ಮಿತಿ ಇಪ್ಪತ್ತೈದು ಲಕ್ಷಕ್ಕೆ ಏರಿಸಿದ್ರು, 2020ರಲ್ಲಿ ಎರಡೂ ಸೆಕ್ಷನ್ ತೆಗೆದ್ರು. ಅಷ್ಟು ವರ್ಷ ರೈತನ ಮಾಲಿಗೆ ಗಿರಾಕಿ ಯಾರಾಗಬೇಕು ಅಂತ ಸರ್ಕಾರ ಹೇಳ್ತಿತ್ತು. ಬೆಲೆ ಬಿದ್ದೇ ಬೀಳುತ್ತೆ.

ಮುಟ್ಟಾಳೆ · ರಾತ್ರಿ 11:03

ಆ ಎರಡು ಸೆಕ್ಷನ್ ಲಂಚದ ಬಾವಿ ಆಗಿದ್ದವು ಅಂತ ನಾನೂ ಒಪ್ಪುತ್ತೇನೆ. ಕೊಳ್ಳುವವರು ಯಾರದೋ ಪಹಣಿ ತಂದು ಕೃಷಿಕರಾಗಿಬಿಡುತ್ತಿದ್ದರು. ಆದರೆ ತೆಗೆದ ಮೇಲೆ ಏನಾಯಿತು ನೋಡಿ. ನಮ್ಮ ಪಕ್ಕದ ಗುಡ್ಡಕ್ಕೆ ಈಗ ಗೇಟು, ಗೇಟಿಗೆ ಕಾವಲು, ತೋಡಿನ ಕಡೆಗೆ ಇದ್ದ ಕಾಲುದಾರಿ ಬಂದ್. ಹೊಸ ಧಣಿಗಳ ಮುಖವನ್ನು ಯಾರೂ ನೋಡಿಲ್ಲ. ಮುಟ್ಟಾಳೆ ತೆಗೆಯೋಣ ಅಂದರೂ ಯಾರ ಎದುರು ತೆಗೆಯುವುದು?

ನೈಟ್‌ಡ್ಯೂಟಿ · ರಾತ್ರಿ 1:20

ಹೆಲ್ಮೆಟ್ ಬಗ್ಗೆ ಕೇಳಿದ ಹುಡುಗನಿಗೆ. ನಾನು ನರ್ಸ್. ಈಗ ಡ್ಯೂಟಿಯಲ್ಲೇ ಇದ್ದೀನಿ, ಹತ್ತು ನಿಮಿಷ ಬಿಡುವು. "ನನ್ನ ತಲೆ" ಅಂದ್ರಲ್ಲ, ಆ ತಲೆ ಒಡೆದಾಗ ಅದು ನಿಮ್ಮದಾಗಿ ಉಳಿಯೋದಿಲ್ಲ. ಎಚ್ಚರ ಇಲ್ಲದೆ ಬರ್ತಾರೆ, ಜೇಬಲ್ಲಿ ಫೋನ್ ಲಾಕ್ ಆಗಿರುತ್ತೆ, ಅದು ಹೊಡ್ಕೊಳ್ಳೋದನ್ನೇ ಕಾದು ಕೂರ್ತೀವಿ. ಸ್ಕ್ರೀನ್ ಮೇಲೆ "ಅಮ್ಮ" ಅಂತ ಬಂದಾಗ ಎತ್ತಿ ಮಾತಾಡೋಳು ನಾನು. ನಿಮ್ಮ ಸಿದ್ಧಾಂತದಲ್ಲಿ ನನಗೆಲ್ಲಿ ಜಾಗ?

ಇನ್ನೊಂದು ಮಾತು. 2016ರಲ್ಲಿ ಹಿಂದೆ ಕೂರೋರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದಾಗ ನಾನೂ ಬೈದಿದ್ದೆ. ಜಡೆ, ಹೂವು, ಸೆಖೆ ಅಂತ. ಈಗ ಬೈಯಲ್ಲ. ಆದ್ರೆ ರಸ್ತೆ ಬದಿ ನೂರೈವತ್ತಕ್ಕೆ ಸಿಗೋ ಚಿಪ್ಪನ್ನ ಹೆಲ್ಮೆಟ್ ಅಂತ ಒಪ್ಪಿ ದಂಡ ಹಾಕದೆ ಬಿಡ್ತಾರಲ್ಲ, ಆವಾಗ ಅನುಮಾನ ಬರುತ್ತೆ: ಇವರಿಗೆ ಬೇಕಿರೋದು ನಮ್ಮ ತಲೆನಾ, ನಮ್ಮ ವಿಧೇಯತೆನಾ?

ಸ್ವಂತಬುದ್ಧಿ · ಭಾನುವಾರ, ಬೆಳಗ್ಗೆ 8:30

ಅಕ್ಕಾ, ಅದಕ್ಕೆ ಉತ್ತರ ಇಲ್ಲ ನನ್ನ ಹತ್ರ. ಹೆಲ್ಮೆಟ್ ಪಟ್ಟಿಯಿಂದ ತೆಗೆದೆ. ಆಧಾರ್ ತೆಗೆಯಲ್ಲ.

ಬಾಡಿಗೆಮನೆ · ಬೆಳಗ್ಗೆ 9:05

ತೆಗೀಬೇಡಿ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರೂ ಒಟ್ಟಿಗೆ ಹೇಳಿದ್ರಲ್ಲ, ಆ ಕೇಸಿನ ಅರ್ಜಿದಾರರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ವಯಸ್ಸು ಎಂಬತ್ತಾರರ ಆಸುಪಾಸು. ಆ ವಯಸ್ಸಲ್ಲಿ ನಮ್ಮ ಮನೆ ತಾತ ಟಿವಿ ರಿಮೋಟಿಗೆ ಜಗಳ ಆಡ್ತಿದ್ರು.

ಮಾರನೇ ವರ್ಷ ಸೆಪ್ಟೆಂಬರಲ್ಲಿ ಕೋರ್ಟು ಆಧಾರ್ ಯೋಜನೆಯನ್ನ ಉಳಿಸ್ತು, ಖಾಸಗಿಯವರು ಅದನ್ನ ಕೇಳೋಕೆ ದಾರಿ ಕೊಟ್ಟಿದ್ದ 57ನೇ ಸೆಕ್ಷನ್ನಿನ ಭಾಗವನ್ನ ಹೊಡೆದುಹಾಕ್ತು. ಸರಿ. ಈಗ ನನ್ನ ಕಥೆ. ಬೆಂಗಳೂರಲ್ಲಿ ಮನೆ ಹುಡುಕಿದೆ. ಓನರ್‌ಗೆ ಆಧಾರ್ ಜೆರಾಕ್ಸ್, ಬ್ರೋಕರ್‌ಗೆ ಇನ್ನೊಂದು, ಅಪಾರ್ಟ್‌ಮೆಂಟ್ ಆಫೀಸಿಗೆ ಮತ್ತೊಂದು. ನಾನಾದ್ರೂ ಓದಿಕೊಂಡವಳು, ಜಗಳ ಆಡ್ದೆ. ನಮ್ಮ ಮನೆಗೆ ಪಾತ್ರೆ ತೊಳೆಯೋಕೆ ಬರೋ ಅಕ್ಕ? ಗೇಟಲ್ಲಿ ಬೆರಳು ಒತ್ತಬೇಕು, ಒಳಗೆ ಬಂದದ್ದು ಹೋದದ್ದು ಎಲ್ಲ ಆ್ಯಪಲ್ಲಿ, ಹೋಗುವಾಗ ಚೀಲ ಬಿಚ್ಚಿ ತೋರಿಸಬೇಕು. ಪಾತ್ರೆ ಸೋಪಿಗೆ ಬೆರಳಿನ ಗೆರೆ ಸವೆದು ಮೆಷಿನ್ ತಗೊಳ್ಳಲ್ಲ, ಒರೆಸಿ ಒರೆಸಿ ಮೂರು ಸಲ ಒತ್ತುತ್ತಾಳೆ. ಹಿಂದೆ ಸಾಲು ನಿಂತಿರುತ್ತೆ.

ಇದನ್ನೆಲ್ಲ ಮಾಡ್ತಿರೋದು ಸರ್ಕಾರ ಅಲ್ಲ, ನಿವಾಸಿಗಳ ಸಂಘ. ಎಲ್ಲರೂ ಸೇರಿ ಕೈ ಎತ್ತಿ ಪಾಸ್ ಮಾಡಿದ ನಿಯಮ. ಲಿಬರ್ಟೇರಿಯನ್ನರು ಸರ್ಕಾರ ಅಂದ ತಕ್ಷಣ ಎದ್ದು ನಿಲ್ತೀರಿ. ಗೇಟಿನ ಹತ್ತಿರ ಯಾಕೆ ಸುಮ್ಮನಾಗ್ತೀರಿ?

ಬೇಲಿಸಾಲು · ಬೆಳಗ್ಗೆ 9:40

ಪೆಟ್ಟು ಸರಿಯಾಗೇ ಬಿತ್ತು. ಶಾಸ್ತ್ರದ ಉತ್ತರ ಅಂದ್ರೆ "ಅವಳು ಬೇರೆ ಕಡೆ ಕೆಲಸ ನೋಡ್ಕೋಬಹುದು, ಸರ್ಕಾರದಿಂದ ಹಾಗೆ ತಪ್ಪಿಸ್ಕೊಳ್ಳೋಕಾಗಲ್ಲ" ಅಂತ. ಬೇರೆ ಕಡೆಯೂ ಅದೇ ಮೆಷಿನ್ ಇದ್ರೆ ಆ ಉತ್ತರ ನನ್ನ ಬಾಯಲ್ಲಿ ಹೊರಡಲ್ಲ.

ಧಾರವಾಡ ಪೇಢೆ · ಬೆಳಗ್ಗೆ 10:15

ಕುಡಿತದ ಬಗ್ಗೆ ಯಾರೂ ಬಾಯಿ ಬಿಡವಲ್ರಿ? ಕುಡಿಯೂದು ವೈಯಕ್ತಿಕ ಸ್ವಾತಂತ್ರ್ಯ ಅಂತ ಸ್ವಂತಬುದ್ಧಿ ಹೇಳ್ತಾನ ಈಗ, ನೋಡ್ರಿ.

ಕೂಲಿಮಠ · ಬೆಳಗ್ಗೆ 11:02

ನಾ ಹೇಳ್ತೀನ್ರಿ, ರಾಯಚೂರು ಕಡೆ ಸಾಲಿ ಟೀಚರ್ ನಾನು. 2007ರ ಜುಲೈದಾಗ ಸಾರಾಯಿ ಬಂದ್ ಆತು. ಹೆಣ್ಮಕ್ಕಳು ಖುಷಿ ಪಟ್ರು. ಆದ್ರ ಸಾರಾಯಿ ಹೋದ ಜಾಗಕ್ಕ ಅಗ್ಗದ ವಿಸ್ಕಿ ಪಾಕೀಟು ಬಂತು. ಅದನ್ನ ಸಗಟು ಮಾರೂದು ಯಾರು? ಸರ್ಕಾರದ್ದ ಪಾನೀಯ ನಿಗಮ. ಬ್ಯಾರೆಯವ್ರಿಗೆ ಸಗಟು ವ್ಯಾಪಾರ ಇಲ್ಲ. ಅಬಕಾರಿ ಇಲಾಖೆಗೆ ವರ್ಷಕ್ಕ ಇಷ್ಟು ಕೋಟಿ ತರಬೇಕು ಅಂತ ಗುರಿ ಬ್ಯಾರೆ ಇರ್ತದ.

2019ರ ಜನವರಿಯೊಳಗ ಮದ್ಯ ನಿಷೇಧ ಆಂದೋಲನದ ಹೆಣ್ಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡಕೊಂತ ಹೋದ್ರು. ಸಾವಿರಾರು ಮಂದಿ. ನಮ್ಮ ಸಾಲಿ ಅಡಿಗಿ ಮಾಡಾಕಿ ಹೋಗಿದ್ಲು, ಹಿಮ್ಮಡಿ ಒಡದು ಬಂದಿದ್ಲು. ಅಕಿ ಗಂಡ ಕುಡಿಯೂ ಸ್ವಾತಂತ್ರ್ಯದಾಗ ಅಕಿ ಪಗಾರ ಇತ್ತು, ಅಕಿ ಮೈಮ್ಯಾಲಿನ ಬಾಸುಂಡಿ ಇದ್ವು. ನೀವು ಪೂರಾ ನಿಷೇಧ ಬೇಕಂತೀರಿ ಏನು ಅಂತ ಕೇಳಬ್ಯಾಡ್ರಿ, ನಿಷೇಧ ಇರೂ ಗುಜರಾತದಾಗ ಏನು ನಡೀತೈತಿ ಅನ್ನೂದು ನನಗೂ ಗೊತ್ತದ. ನಾ ಹೇಳೂದು ಇಷ್ಟ: ಒಂದು ಊರಿನ ಹೆಣ್ಮಕ್ಕಳು ನಮ್ಮೂರಾಗ ಈ ಅಂಗಡಿ ಬ್ಯಾಡ ಅಂದ್ರ ಕೇಳೂ ಕಿವಿ ಇಲ್ಲ. ಅಂಗಡಿ ಇಡಬೇಕು ಅಂತ ಬೆಂಗಳೂರಾಗ ಕುಂತು ತೀರ್ಮಾನ ಮಾಡ್ತಾರಲ್ಲ, ಅದು ಹೊಸ್ತಿಲು ದಾಟಿದ್ದಲ್ಲೇನು?

ಪರ್ತ್‌ನ ಪಾಪಣ್ಣ · ಮಧ್ಯಾಹ್ನ 12:30

ಗಂಧದ ಊರಿಂದ ಗಂಧದ ಊರಿಗೆ ಬಂದವನು ನಾನು, ಸುಮ್ಮನಿರೋದು ಹೇಗೆ. ಇಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಉತ್ತರ ತುದಿಯಲ್ಲಿ ಕುನುನುರಾ ಅಂತ ಊರು. ಆರ್ಡ್ ನದಿ ನೀರು ಕೊಟ್ಟು ನಮ್ಮ ಶ್ರೀಗಂಧವನ್ನೇ ಸಾವಿರಾರು ಎಕರೆ ಬೆಳೆದಿದ್ದಾರೆ. ತೋಟದ ಬೆಳೆ ಥರ ಸಾಲು ಸಾಲು, ಮಧ್ಯೆ ಗಂಧದ ಬೇರಿಗೆ ಸಾರ ಕೊಡೋ ಆಸರೆ ಗಿಡ. ಮೊದಲ ಸಲ ಫೋಟೋ ನೋಡಿದಾಗ ಹೊಟ್ಟೆ ಉರೀತು.

ಆದ್ರೆ ಇದು ಪೂರ್ತಿ ಸ್ವಾತಂತ್ರ್ಯದ ನಾಡು ಅಂತ ತಿಳ್ಕೋಬೇಡಿ. ಇಲ್ಲಿಯದೇ ಕಾಡು ಗಂಧ ಕಡಿಯೋಕೆ ಲೈಸೆನ್ಸ್ ಬೇಕು. ಸೈಕಲ್ ತುಳಿಯೋಕೂ ಹೆಲ್ಮೆಟ್ ಕಡ್ಡಾಯ, ಬಿಲ್ಲೆ ಅಣ್ಣನಿಗೆ ಇದು ಗೊತ್ತಿರಲಿ. ವೋಟು ಹಾಕದಿದ್ರೆ ದಂಡ, 1924ರಿಂದ. ಜನ ಗೊಣಗೋದು ಕಡಿಮೆ. ಯಾಕೆ ಅಂದ್ರೆ ನಿಯಮ ಇಷ್ಟು, ದಂಡ ಇಷ್ಟು ಅಂತ ಮೊದಲೇ ಗೊತ್ತಿರುತ್ತೆ. ನಮ್ಮಲ್ಲಿ ನಿಯಮಕ್ಕಿಂತ ಹೆಚ್ಚು ಭಯ ನಿಯಮ ಹಿಡ್ಕೊಂಡು ಬರೋ ಮನುಷ್ಯನದು.

ಗಾರ್ಡ್ ತಾತ · ಮಧ್ಯಾಹ್ನ 3:15

ಮೊಮ್ಮಗಳ ಕೈಲಿ ಬರೆಸ್ತಾ ಇದ್ದೀನಿ. ಮೂವತ್ತು ವರ್ಷ ಫಾರೆಸ್ಟ್ ಗಾರ್ಡ್ ಆಗಿದ್ದವನು. ನಿಮ್ಮ ಅಜ್ಜಿ ಹೆದರಿದ್ದು ನನ್ನಂಥವನಿಗೇ ಇರಬೇಕು.

ಒಂದು ವಿಷಯ ತಿಳ್ಕೊಳ್ಳಿ. ಗಂಧದ ಎಲೆಗೆ ವಾಸನೆ ಇಲ್ಲ, ತೊಗಟೆಗಿಲ್ಲ, ಹೊರಗಿನ ಬಿಳೀ ಭಾಗಕ್ಕೂ ಇಲ್ಲ. ಇರೋದೆಲ್ಲ ಒಳಗಿನ ಚೇಗಲ್ಲಿ. ಕಳ್ಳರು ಹಗಲು ದನ ಕಾಯೋರ ಥರ ಬಂದು ಬೈರಿಗೆ ಹಾಕಿ ಸಣ್ಣ ತೂತು ಕೊರೆದು ನೋಡೋರು. ಚೇಗು ಬಂದಿದ್ರೆ ತೂತಿಗೆ ಮಣ್ಣು ಮೆತ್ತಿ ಹೋಗೋರು, ರಾತ್ರಿ ಗರಗಸ. ಮಣ್ಣು ಮೆತ್ತಿದ ಮರ ಕಂಡ್ರೆ ಅವತ್ತು ರಾತ್ರಿ ನಮಗೆ ನಿದ್ದೆ ಇಲ್ಲ. ನಮ್ಮ ಕೈಲಿ ಲಾಠಿ, ಒಂದು ಟಾರ್ಚು. ವೀರಪ್ಪನ್ ಕಾಲದಲ್ಲಿ ನಮ್ಮ ಇಲಾಖೆಯವರು ಎಷ್ಟು ಜನ ಸತ್ತರು ಅಂತ ನಿಮಗೆ ಗೊತ್ತು.

ಕಡಿದ ತುಂಡು ಕೈಗೆ ಬಂದ ಮೇಲೆ ಅದು ಕಾಡಿಂದೋ ಹೊಲದ್ದೋ ಅಂತ ದೇವರಿಗೂ ಹೇಳೋಕಾಗಲ್ಲ. ಅದಕ್ಕೇ ಕಡಿಯೋಕೆ ಅನುಮತಿ, ಸಾಗಿಸೋಕೆ ಪಾಸು. ಎಲ್ಲ ರೈತನನ್ನೂ ನಂಬಿ ಬಿಟ್ಟಿದ್ರೆ ಕಾಡಿನ ಮರ ಹೊಲದ ಹೆಸರಲ್ಲಿ ಲಾರಿ ಹತ್ತಿರೋದು. ಬಿಡದಿದ್ದದ್ದಕ್ಕೆ ಏನಾಯ್ತು ಅಂತ ನೀವು ಬರೆದಿದ್ದೀರಿ. ಹೌದು, ಕಾಡಿನ ಮರವೂ ಉಳೀಲಿಲ್ಲ. ನಾನು ಸೇರಿದಾಗ ನನ್ನ ಬೀಟಲ್ಲಿ ತಬ್ಬಿಕೊಂಡ್ರೆ ಕೈ ಕೂಡದ ಮರಗಳಿದ್ವು. ನಿವೃತ್ತಿ ಆದಾಗ ನನ್ನ ತೋಳಿಗಿಂತ ದಪ್ಪದ್ದು ಒಂದೂ ಇರಲಿಲ್ಲ.

ಬೇಲಿಸಾಲು · ಮಧ್ಯಾಹ್ನ 3:50

ತಾತ, ನಮಸ್ಕಾರ. ನಿಮ್ಮ ಮೇಲೆ ಸಿಟ್ಟಿಲ್ಲ. ಒಂದು ಕೇಳ್ತೀನಿ. ಬೇಲಿಯ ಆ ಗಿಡ ನಮ್ಮಜ್ಜಿಯದೇ ಆಗಿದ್ದಿದ್ರೆ, ನಿಮ್ಮ ಕೈಲಿ ಲಾಠಿ ಹಿಡಿದು ಕಾಯೋ ಕೆಲಸ ಅಜ್ಜಿ ಅರ್ಧ ಮಾಡ್ತಿರಲಿಲ್ವಾ? ಹುಣಸೆ ಮರದ ಒಂದು ಬೋಟು ಯಾರಾದ್ರೂ ಕಿತ್ರೆ ಊರು ಕೇಳೋ ಹಾಗೆ ಬೈತಿದ್ದವಳು ಅವಳು.

ಗಾರ್ಡ್ ತಾತ · ಸಂಜೆ 4:20

ಮಾಡ್ತಿದ್ರು. ಅದನ್ನ ನಾವೂ ಒಳಗೊಳಗೇ ಮಾತಾಡ್ಕೋತಿದ್ವಿ. ಊರಲ್ಲಿ ಯಾರೂ ನಮಗೆ ಸುಳಿವು ಕೊಡ್ತಿರಲಿಲ್ಲ. ಮರ ಅವರದ್ದಲ್ಲ, ಯಾಕೆ ಕೊಡ್ತಾರೆ. ಕೊಟ್ರೆ ಸಾಕ್ಷಿಗೆ ಅಂತ ಕೋರ್ಟಿಗೆ ಅಲೆಸ್ತಿದ್ವಿ ಬೇರೆ.

ಸ್ವಂತಬುದ್ಧಿ · ಸಂಜೆ 4:31

ಹಂಗಾದ್ರೆ ಗೆದ್ವಿ! ಗಂಧ ನಮ್ಮದು!

ಮುಟ್ಟಾಳೆ · ಸಂಜೆ 4:45

ಗೆದ್ದದ್ದು ಬೇಲಿಯ ಒಳಗಿನ ಗಿಡದ ವಿಷಯದಲ್ಲಿ ಮಾತ್ರ ತಮ್ಮಾ. ಬೇಲಿ ಯಾರದು ಅನ್ನುವುದು ನಮ್ಮ ಕಡೆ ಐವತ್ತು ವರ್ಷದಿಂದ ಕೋರ್ಟಿನಲ್ಲಿದೆ.

ಹಳೇಸೈಕಲ್ · ಸಂಜೆ 5:10

ಬೇಲಿಸಾಲು, 2001ಕ್ಕೆ ಕಾನೂನು ಬದಲಾಯ್ತು ಅಂದ್ರಲ್ಲ. ನೀವು ಗಿಡ ಹಾಕಿದ್ರೋ ಇಲ್ವೋ? ಅದನ್ನ ಹೇಳಲೇ ಇಲ್ಲ.

ಬೇಲಿಸಾಲು · ರಾತ್ರಿ 8:55

ಹಾಕಿದೆ. ಹತ್ತು ವರ್ಷ ಆಯ್ತು, ಮೂವತ್ತು ಸಸಿ. ಗಂಧ ಒಂಟಿಯಾಗಿ ಬದುಕಲ್ಲ, ಪಕ್ಕದ ಗಿಡದ ಬೇರಿಗೆ ತನ್ನ ಬೇರು ಸೇರಿಸಿ ಸಾರ ಹೀರುತ್ತೆ. ಅದಕ್ಕೆ ಮೊದಮೊದಲು ಪಕ್ಕದಲ್ಲಿ ತೊಗರಿ ಹಾಕಿದ್ದೆ, ಆಮೇಲೆ ಹೊಂಗೆ. ಹನ್ನೊಂದು ಸತ್ತವು. ಎರಡನ್ನ ಹೋದ ವರ್ಷ ಯಾರೋ ಬೈರಿಗೆ ಹಾಕಿ ನೋಡಿ ಹೋಗಿದ್ದಾರೆ, ಚೇಗು ಇನ್ನೂ ಸರಿಯಾಗಿ ಬಂದಿಲ್ಲ ಅಂತ ಬಿಟ್ಟಿರಬೇಕು. ತಾತ ಹೇಳಿದ ಹಾಗೇ ತೂತಿಗೆ ಮಣ್ಣು ಮೆತ್ತಿತ್ತು. ಅದರ ಅರ್ಥ ಗೊತ್ತಾಗಿದ್ದು ಇವತ್ತೇ.

ಪಹಣಿಯಲ್ಲಿ ಗಂಧ ಸೇರಿಸೋಕೆ ಮೂರು ಸಲ ಅರ್ಜಿ ಕೊಟ್ಟೆ. ಮೊದಲನೇ ಸಲ ಬೆಳೆ ಪಟ್ಟಿಯಲ್ಲಿ ಆ ಹೆಸರೇ ಬರ್ತಿಲ್ಲ ಅಂದ್ರು, ಎರಡನೇ ಸಲ ಸರ್ವರ್ ಇಲ್ಲ ಅಂದ್ರು, ಮೂರನೇ ಸಲ ಆಯ್ತು. ಕ್ಯಾಮೆರಾ ಹಾಕಿಸ್ಬೇಕು, ದುಡ್ಡು ಹೊಂದಿಸ್ತಾ ಇದ್ದೀನಿ.

ಅಜ್ಜಿ ಈಗಿಲ್ಲ. ಅಮ್ಮ ದಿನಾ ಬೆಳಗ್ಗೆ ಒಂದು ಸುತ್ತು ಹೋಗಿ ಹದಿನೇಳನ್ನ ಎಣಿಸಿ ಬರ್ತಾಳೆ, ಬೈರಿಗೆ ಬಿದ್ದ ಎರಡನ್ನೂ ಸೇರಿಸಿದ್ರೆ ಹತ್ತೊಂಬತ್ತು. ಮೊನ್ನೆ ಜನಗಣತಿಯೋ ಏನೋ ಕೇಳೋಕೆ ಅಂತ ಇಬ್ಬರು ಫೈಲ್ ಹಿಡ್ಕೊಂಡು ಬಂದಿದ್ರು. ತೋಟ ಎಷ್ಟಿದೆ ಅಂದ್ರಂತೆ. ಅಮ್ಮ ತೆಂಗಿನ ಕಡೆ ಕೈ ತೋರಿಸಿದ್ಲಂತೆ, ಬೇಲಿ ಕಡೆ ತಿರುಗಿ ನೋಡ್ಲೇ ಇಲ್ವಂತೆ.